ಸಾಲಿನ ಕೊನೆಯಲ್ಲಿ ನಿಂತ ಓನರಮ್ಮ

ಮುನಿಗಂಗಮ್ಮ ಬ್ಯಾಂಕಿಗೆ ಹೋಗುವುದು ದುಡ್ಡು ಕಟ್ಟುವುದಕ್ಕಲ್ಲ, ಬೆಳಗ್ಗೆ ಕಸ ಗುಡಿಸಿದ್ದಾರೋ ಇಲ್ಲವೋ ನೋಡುವುದಕ್ಕೆ ಎಂದು ಹಲಸೂರಿನ ನಮ್ಮ ಬೀದಿಯವರು ಹೇಳುತ್ತಿದ್ದರು. ಅಲ್ಲಿನ ಮ್ಯಾನೇಜರು ಕುರ್ಚಿ ಬಿಟ್ಟು ಏಳುವುದು ಇಬ್ಬರಿಗೆ ಮಾತ್ರ, ಒಬ್ಬರು ಹೆಡ್ಡಾಫೀಸಿನ ಇನ್ಸ್‌ಪೆಕ್ಟರು, ಇನ್ನೊಬ್ಬಳು ಮುನಿಗಂಗಮ್ಮ ಎಂದೂ ಹೇಳುತ್ತಿದ್ದರು. ಒಂದು ಸಲ ಖಾಲಿ ಬೆಂಚಿನ ಮೇಲೆ ಫ್ಯಾನು ಸುಮ್ಮನೆ ತಿರುಗುತ್ತಿದ್ದುದನ್ನು ಕಂಡು ಆಕೆಯೇ ಹೋಗಿ ಸ್ವಿಚ್ ಆರಿಸಿ, "ಕರೆಂಟ್ ಬಿಲ್ ಯಾರಪ್ಪನ ಮನೆಯಿಂದ ಕಟ್ತೀರಿ?" ಅಂದಳಂತೆ. ಇದರಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಫ್ಯಾನಿನ ಮಾತಂತೂ ನಿಜ. ಬೆಂಚು ಖಾಲಿಯಿತ್ತು ಅನ್ನುವುದು ಸುಳ್ಳು, ಅದರ ಮೇಲೆ ನಾನು ಕೂತಿದ್ದೆ.

ಬೀದಿಯ ತಿರುವಿನಲ್ಲಿ ಟೀ ಅಂಗಡಿ ಇಟ್ಟಿರುವ ಜಟ್ಟೆಪ್ಪ ಬಿಜಾಪುರದ ಕಡೆಯವನು. ಮುನಿಗಂಗಮ್ಮ ಚೀಲ ಹಿಡಿದು ಹೊರಟಳೆಂದರೆ ಅವನಿಗೆ ನಾಲಿಗೆ ತುರಿಸುತ್ತಿತ್ತು.

"ಏನ್ರಿ ಓನರಮ್ಮಾರ, ಬ್ಯಾಂಕಿನ ಬೀಗದಕೈ ತಂದೀರೇನ್ರಿ? ನಿನ್ನೆ ಸೊಂಟಕ್ಕ ಸಿಗಿಸ್ಕೊಂಡ ಹ್ವಾದ್ರಿ, ಪಾಪ ಮ್ಯಾನೇಜರ್ ಹೊರಗ ನಿಂತಾನ."

"ತಂದಿದ್ದೀನಿ ಕಣಪ್ಪ. ನೀನು ಮೊದ್ಲು ಹಾಲಿಗೆ ನೀರು ಹಾಕೋದು ನಿಲ್ಸು. ಇಲ್ದಿದ್ರೆ ಈ ಜಟ್ಟೆಪ್ಪಂಗೆ ಸಾಲ ಕೊಡ್ಬೇಡಿ ಅಂತ ಹೇಳ್ಬಿಡ್ತೀನಿ."

ಈ ಒಡೆತನ ಆಕೆಗೆ ಬಂದದ್ದು ಗಂಡನಿಂದ. ಮುನಿವೆಂಕಟಪ್ಪ ದಂಡು ಬ್ಯಾಂಕಿನ ಹಲಸೂರು ಶಾಖೆಯಲ್ಲಿ ಅಟೆಂಡರ್ ಆಗಿದ್ದ. ಒಂದು ಕಾಲಕ್ಕೆ ಬ್ಯಾಂಕು ತನ್ನ ನೌಕರರಿಗೆಂದು ಷೇರು ಕೊಟ್ಟಿತು. ಬೇರೆಯವರು ಅದನ್ನು ಮಾರಿ ಸ್ಕೂಟರು ಕೊಂಡರು, ಮಗಳ ಕಿವಿಗೆ ಓಲೆ ಮಾಡಿಸಿದರು. ಮುನಿವೆಂಕಟಪ್ಪನಿಗೂ ಸ್ಕೂಟರಿನ ಆಸೆ ಇತ್ತು. ಮುನಿಗಂಗಮ್ಮ ಮಾರಗೊಡಲಿಲ್ಲ.

ಅದಕ್ಕೆ ಆಕೆಯದೇ ಲೆಕ್ಕಾಚಾರವಿತ್ತು. ತವರಿನವರು ಸೊಪ್ಪು ತರಕಾರಿ ಬೆಳೆಯುತ್ತಿದ್ದವರು. ಇವತ್ತು ಇಂದಿರಾನಗರದಲ್ಲಿ ಹುಡುಗರು ಹುಡುಗಿಯರು ಕೂತು ನೊರೆ ಕಾಫಿ ಕುಡಿಯುವ ಜಾಗದಲ್ಲಿ ಅವಳ ಅಪ್ಪ ದಂಟಿನ ಸೊಪ್ಪಿಗೆ ನೀರು ಕಟ್ಟುತ್ತಿದ್ದ. ಅವಸರಕ್ಕೆ ಮಾರಿಕೊಂಡ ದಾಯಾದಿಗಳ ಮಕ್ಕಳು ಈಗ ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುತ್ತಾರೆ. ಅವಳ ತಾಯಿ ಹಟ ಹಿಡಿದು ಉಳಿಸಿಕೊಂಡದ್ದು ಹಲಸೂರಿನ ಈ ಒಂದು ಜಾಗ: ಮುಂದೆ ಮುನಿಗಂಗಮ್ಮನ ವಾಸ, ಹಿಂದೆ ಬಾಡಿಗೆಗೆ ಕೊಟ್ಟ ಭಾಗ, ನಡುವೆ ಎರಡಕ್ಕೂ ಸೇರಿ ಒಂದು ನಲ್ಲಿ. ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ, ಓನರ್ ಉಳಿಯುತ್ತಾನೆ. ಬದುಕು ಆಕೆಗೆ ಕಲಿಸಿದ್ದು ಇಷ್ಟು. ಷೇರನ್ನೂ ಆಕೆ ಅದೇ ಕಣ್ಣಿನಿಂದ ನೋಡಿದಳು. ಬ್ಯಾಂಕು ಅಂದರೆ ಒಂದು ದೊಡ್ಡ ಮನೆ, ಅದರ ಗೋಡೆಯಲ್ಲಿ ತನ್ನದೂ ಒಂದಿಷ್ಟು ಇಟ್ಟಿಗೆ.

ಗಂಡ ತೀರಿಕೊಂಡ ಮೇಲೆ ಷೇರುಗಳು ಆಕೆಯ ಹೆಸರಿಗೆ ಬಂದವು. ಕೆಲವು ವರ್ಷ ಕಳೆದು ಬ್ಯಾಂಕಿನವರು, ನಮ್ಮ ಮೇಲೆ ಒಂದು ಹೋಲ್ಡಿಂಗ್ ಕಂಪನಿ ಮಾಡಿದ್ದೇವೆ, ನಿಮ್ಮ ಷೇರು ಇನ್ನು ಆ ಕಂಪನಿಯದು ಎಂದು ತಿಳಿಸಿದರು. ಬ್ಯಾಂಕಿನ ಒಡೆಯ ಆ ಕಂಪನಿ, ಕಂಪನಿಯ ಒಡೆಯರು ಷೇರು ಇಟ್ಟುಕೊಂಡ ಜನ. ಮುನಿಗಂಗಮ್ಮ ಅದನ್ನು ಮನೆಯ ಮೇಲೆ ಇನ್ನೊಂದು ಮಹಡಿ ಎತ್ತಿದ ಹಾಗೆ ಅಂದುಕೊಂಡಳು. "ಓನರ್ ಮೇಲ್ಗಡೆ ಇರೋದೇ ಸರಿ ಅಲ್ವಾ," ಅಂದಳು.

ವರ್ಷಕ್ಕೊಮ್ಮೆ ಷೇರುದಾರರ ಸಭೆ. ಆಕೆಗೆ ಅದು ಹಬ್ಬ. ಮದುವೆಯ ರೇಷ್ಮೆ ಸೀರೆ ಉಟ್ಟು, ಶಿವಾಜಿನಗರದ ಬಸ್ಸು ಹತ್ತಿ ದಂಡು ಪ್ರದೇಶದ ಒಂದು ದೊಡ್ಡ ಸಭಾಂಗಣಕ್ಕೆ ಹೋಗುವಳು. ಸೂಟು ಹಾಕಿದವರು ವೇದಿಕೆಯ ಮೇಲೆ ಕೂತು ಇಂಗ್ಲಿಷಿನಲ್ಲಿ ಮಾತಾಡುವರು. ಕೊನೆಗೆ, ಯಾರಿಗಾದರೂ ಪ್ರಶ್ನೆ ಇದೆಯೇ ಅನ್ನುವರು. ಮುನಿಗಂಗಮ್ಮನಿಗೆ ಇಲ್ಲದೆ ಇರುತ್ತಿರಲಿಲ್ಲ. ಒಂದು ಸಲ ಎದ್ದು ನಿಂತು ಕೇಳಿದಳು.

"ಯಜಮಾನ್ರೇ, ನಾನು ಹಲಸೂರಿಂದ ಬಂದಿದ್ದೀನಿ. ನಮ್ಮ ಬ್ರಾಂಚಲ್ಲಿ ಕುಡಿಯೋಕೆ ನೀರಿಲ್ಲ. ಪೆನ್ಷನ್ ಮುದುಕ್ರು ನಾಲಿಗೆ ಒಣಗಿಸ್ಕೊಂಡು ನಿಂತಿರ್ತಾರೆ. ಇಷ್ಟು ಕೋಟಿ ಲಾಭ ಅಂತ ಈಗ ಓದಿದ್ರಲ್ಲ, ಅದ್ರಲ್ಲಿ ಒಂದ್ ಕ್ಯಾನ್ ನೀರು ಬರಲ್ವಾ?"

ಸಭೆ ಪೂರ್ತಿ ನಕ್ಕಿತು, ಚಪ್ಪಾಳೆ ಬಿತ್ತು. ಮುಂದಿನ ತಿಂಗಳೇ ಹಲಸೂರು ಶಾಖೆಗೆ ನೀರಿನ ಫಿಲ್ಟರ್ ಬಂತು. ಅವತ್ತಿನಿಂದ ಬೀದಿಯವರ ಬಾಯಲ್ಲಿ ಓನರಮ್ಮ ಎಂಬ ಹೆಸರು ಗಟ್ಟಿಯಾಯಿತು. ಕೊರೊನಾ ಬಂದು ಸಭೆ ಮೊಬೈಲಿಗೆ ಇಳಿದಾಗಲೂ ಆಕೆ ಅದೇ ಸೀರೆ ಉಟ್ಟು ಗೋಡೆಗೆ ಮೊಬೈಲ್ ಒರಗಿಸಿ ಕೂತಳು. ಉದ್ದಕ್ಕೂ ಪ್ರಶ್ನೆ ಕೇಳಿದಳು. ಧ್ವನಿ ಬಂದ್ ಆಗಿದ್ದುದು ಆಮೇಲೆ ಗೊತ್ತಾಯಿತು.

ಆ ಸಭೆಗಳಲ್ಲಿ ಬೇರೆಯವರೂ ಪ್ರಶ್ನೆ ಕೇಳುತ್ತಿದ್ದರು. ಲಾಭಾಂಶ ಯಾಕೆ ಇಳಿಯಿತು, ವಿಳಾಸ ಬದಲಾದರೆ ಯಾರಿಗೆ ಹೇಳಬೇಕು, ತೀರಿಕೊಂಡ ಅಣ್ಣನ ಷೇರು ಅತ್ತಿಗೆ ಹೆಸರಿಗೆ ಹೇಗೆ. ಒಂದು ವರ್ಷ ಒಬ್ಬ ಹುಡುಗ ಎದ್ದು, "ಸರ್, ಬ್ಯಾಂಕಿಗೆ ಏನಾದ್ರೂ ಆದ್ರೆ ನಮ್ಮ ಷೇರಿನ ಗತಿ ಏನು?" ಅಂದ. ಮುಂದಿನ ಸಾಲಿನವರು ಅವನತ್ತ ತಿರುಗಿ ನಕ್ಕರು. ವೇದಿಕೆಯಿಂದ ಇಂಗ್ಲಿಷಿನಲ್ಲಿ ಉದ್ದದ ಉತ್ತರ ಬಂತು. ಮುನಿಗಂಗಮ್ಮನಿಗೆ ಒಂದು ಮಾತೂ ತಿಳಿಯಲಿಲ್ಲ. ಕನ್ನಡದಲ್ಲಿ ಹೇಳಿ ಎಂಬ ಮಾತು ಬಾಯಿಗೆ ಬಂತು. ಇಷ್ಟು ವರ್ಷದ ಓನರ್ ಇದನ್ನು ಕೇಳಿದರೆ ಏನಂದುಕೊಂಡಾರು ಎಂದು ಆಕೆಯೂ ನಕ್ಕು ಸುಮ್ಮನಾದಳು.

ಸಭೆಯಿಂದ ತಂದ ಸಿಹಿ ಖಾರದ ಪೊಟ್ಟಣದಲ್ಲಿ ಅರ್ಧ ಯಾವಾಗಲೂ ಹಿಂದಿನ ಮನೆಗೆ ಹೋಗುತ್ತಿತ್ತು. ಅಲ್ಲಿ ಬಾಡಿಗೆಗಿದ್ದವಳು ಇಮಾಮ್ ಬೀ. ಗಂಡನಿಲ್ಲ, ಮಕ್ಕಳಿಲ್ಲ. ಸಮೋಸಾಕ್ಕೆ ಬೇಕಾದ ತೆಳ್ಳನೆಯ ಪಟ್ಟಿ ಮಾಡಿ ಶಿವಾಜಿನಗರದ ಅಂಗಡಿಗಳಿಗೆ ಕೊಡುತ್ತಿದ್ದಳು. ರಂಜಾನ್ ತಿಂಗಳಲ್ಲಿ ಹಂಚಿನ ಮುಂದಿನಿಂದ ಏಳಲು ಪುರುಸೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಬೆಳೆದವಳಿಗೆ ಒಂದೇ ಆಸೆ: ಕೆ.ಆರ್. ಪುರದ ಕಡೆ ಎಲ್ಲಾದರೂ ಒಂದು ಸ್ವಂತ ಗೂಡು, ಹಂಚಿಡಲು ಜಾಗ, ತನ್ನದೇ ಒಂದು ನಲ್ಲಿ.

ಆ ಆಸೆಗೆ ಆಗಲೇ ಒಂದು ಪೆಟ್ಟು ಬಿದ್ದಿತ್ತು. ದೊಡ್ಡ ಲಾಭ ಕೊಡುತ್ತೇವೆಂದು ಹೇಳಿ ಬಾಗಿಲು ಹಾಕಿಕೊಂಡ ಒಂದು ಕಂಪನಿಯಲ್ಲಿ ಅವಳ ಉಳಿತಾಯದ ಅರ್ಧ ಹೋಗಿತ್ತು. ಉಳಿದರ್ಧವನ್ನು ಮುನಿಗಂಗಮ್ಮನೇ ಕೈಹಿಡಿದು ಕರೆದೊಯ್ದು ದಂಡು ಬ್ಯಾಂಕಿನಲ್ಲಿ ಡಿಪಾಜಿಟ್ ಇಡಿಸಿದ್ದಳು. ತನ್ನ ಧರ್ಮದಲ್ಲಿ ಬಡ್ಡಿ ನಿಷಿದ್ಧವೆಂದು, ಬರುವ ಬಡ್ಡಿಯನ್ನು ಇಮಾಮ್ ಬೀ ಮನೆಯೊಳಗೆ ತರುತ್ತಿರಲಿಲ್ಲ. ಯಾರದಾದರೂ ಆಸ್ಪತ್ರೆ ಖರ್ಚಿಗೆ ಕೊಟ್ಟುಬಿಡುತ್ತಿದ್ದಳು. ಗಂಟು ಭದ್ರವಾಗಿದ್ದರೆ ಸಾಕಿತ್ತು ಅವಳಿಗೆ.

ಆ ಡಿಪಾಜಿಟ್ಟಿನ ಅವಧಿ ಮುಗಿದ ವಾರ ಇಬ್ಬರೂ ನಲ್ಲಿಯ ಹತ್ತಿರ ಕೂತಿದ್ದರು. ನೀರು ಬರುವುದು ತಡವಾಗಿತ್ತು.

"ತಿರುಗಿ ಅಲ್ಲೇ ಇಡ್ಲಾ ಅಕ್ಕಾ?" ಇಮಾಮ್ ಬೀ ಕೇಳಿದಳು.

"ಎಷ್ಟು ವರ್ಷ ಅಂತ ಡಿಪಾಜಿಟ್ ಇಡ್ತೀಯೆ? ಡಿಪಾಜಿಟ್ ಅಂದ್ರೆ ಬಾಡಿಗೆಗೆ ಇದ್ದಂಗೆ. ಷೇರು ತಗೋ. ಓನರ್ ಆಗು."

"ಯಾ ಅಲ್ಲಾ! ಹಂಗಾದ್ರೆ ನಾನು ನಿಮ್ಮನೇಲೂ ಬಾಡಿಗೆ, ಬ್ಯಾಂಕಲ್ಲೂ ಬಾಡಿಗೇನಾ?"

"ಮತ್ತೆ! ಬಡ್ಡಿ ಬೇಡ ಅಂತೀಯ. ಇದು ಬಡ್ಡಿ ಅಲ್ಲ, ಲಾಭ. ಒಡೆಯರಿಗೆ ಕೊಡೋದು."

ಇಮಾಮ್ ಬೀ ನಗುತ್ತಾ ಬಿಂದಿಗೆಯ ಬಾಯಿ ಒರೆಸಿದಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಅಕ್ಕಾ, ಒಂದ್ಸಲ ಸುಟ್ಕೊಂಡಿದ್ದೀನಿ, ಅದಕ್ಕೆ ಕೇಳ್ತೀನಿ. ಬ್ಯಾಂಕ್ ಮುಳುಗಿದ್ರೂ ಡಿಪಾಜಿಟ್ಟಿಗೆ ವಿಮೆ ಐತೆ ಅಂತಾರಲ್ಲ. ಈ ಷೇರಿಗೂ ಐತಾ?"

ಮುನಿಗಂಗಮ್ಮನಿಗೆ ಗೊತ್ತಿರಲಿಲ್ಲ. ಸಭೆಯಲ್ಲಿ ಎದ್ದು ನಿಂತ ಆ ಹುಡುಗ ಒಂದು ಕ್ಷಣ ಕಣ್ಣ ಮುಂದೆ ಬಂದ. ಎದುರಿಗೆ ಇಮಾಮ್ ಬೀ ಬಿಂದಿಗೆ ಹಿಡಿದು, ಓನರಮ್ಮನ ಬಾಯಿಂದ ಬೀಳುವ ಮಾತಿಗೆ ಕಾಯುತ್ತಿದ್ದಳು.

"ಇರುತ್ತೆ ಕಣೆ," ಅಂದಳು ಮುನಿಗಂಗಮ್ಮ. "ಬಾಡಿಗೆಯವರಿಗೇ ಇರೋವಾಗ ಓನರ್‌ಗೆ ಇರಲ್ವಾ?"

ಅಷ್ಟರಲ್ಲಿ ನಲ್ಲಿ ಗೊರಗುಟ್ಟಿ ನೀರು ಬಂತು.

ಮರುದಿನ ಬ್ಯಾಂಕಿಗೆ ಹೋದರು. ಅಲ್ಲಿ ಅಂಜನಮೂರ್ತಿ ಎಂಬ ಆಫೀಸರ್ ಇದ್ದ. ತಗ್ಗಿದ ಧ್ವನಿಯ ಮನುಷ್ಯ. ಇಮಾಮ್ ಬೀ ಹೇಳಿದ್ದನ್ನು ಕೇಳಿ ಪೆನ್ನು ಕೆಳಗಿಟ್ಟ. "ಅಮ್ಮಾ, ಇದು ಡಿಪಾಜಿಟ್ ಅಲ್ಲ. ಅದೂ ನೀವು ತಗೊಳ್ಳೋದು ಮೇಲಿನ ಕಂಪನಿ ಷೇರು. ಸ್ವಲ್ಪ ಅರ್ಥ ಮಾಡ್ಕೊಂಡು…"

"ಗೊತ್ತು ಬಿಡಪ್ಪ," ಮುನಿಗಂಗಮ್ಮ ನಡುವೆ ಬಾಯಿ ಹಾಕಿದಳು. "ನಾನಿಲ್ವಾ? ನಿನಗಿಂತ ಮುಂಚೆಯಿಂದ ನೋಡ್ತಿದ್ದೀನಿ."

ಅವನು ಇಮಾಮ್ ಬೀಯ ಮುಖ ನೋಡಿದ. ಇಮಾಮ್ ಬೀ ಮುನಿಗಂಗಮ್ಮನ ಮುಖ ನೋಡಿದಳು. ಕೆಲಸ ಆಯಿತು.

ಆ ವರ್ಷ ಇಮಾಮ್ ಬೀಗೂ ಲಾಭಾಂಶ ಬಂತು. ಅವಳು ಮುನಿಗಂಗಮ್ಮನಿಗೆ ಒಂದು ತಟ್ಟೆ ಬಿಸಿ ಸಮೋಸಾ ತಂದುಕೊಟ್ಟು, "ಒಬ್ಬ ಓನರಿಂದ ಇನ್ನೊಬ್ಬ ಓನರಿಗೆ," ಅಂದಳು. ಆ ನಗು ಬೀದಿಯವರೆಗೆ ಕೇಳಿಸಿತ್ತು.

ಮುಂದಿನ ವರ್ಷ ಒಂದು ಬೆಳಗ್ಗೆ ಬ್ಯಾಂಕಿನ ಮುಂದೆ ಜನ ಸೇರಿದರು. ದಂಡು ಬ್ಯಾಂಕು ಕೆಲವು ದೊಡ್ಡ ಕುಳಗಳಿಗೆ ಮಿತಿಮೀರಿ ಸಾಲ ಕೊಟ್ಟು, ವಾಪಸು ಬಾರದ್ದನ್ನು ಮುಚ್ಚಿಟ್ಟಿತ್ತು. ಸುದ್ದಿ ಟೀವಿಯಲ್ಲಿ ಬಂದಿತ್ತು, ಹಣ ತೆಗೆಯಲು ಮಿತಿ ಹಾಕಿದ್ದರು. ಸಾಲು ಜಟ್ಟೆಪ್ಪನ ಅಂಗಡಿ ದಾಟಿ ಹೋಗಿತ್ತು. ಮುನಿಗಂಗಮ್ಮ ಆ ಸಾಲಿನ ಉದ್ದಕ್ಕೂ ಓಡಾಡಿ, "ಯಾಕ್ರಪ್ಪ ಹೆದರ್ತೀರಾ? ಮನೆ ಬಿಟ್ಟು ಓನರ್ ಓಡೋಗಿದ್ದಾಳಾ? ಇಲ್ಲೇ ನಿಂತಿದ್ದೀನಿ ನೋಡಿ," ಎಂದು ಧೈರ್ಯ ಹೇಳಿದಳು. ಒಬ್ಬಿಬ್ಬರು ಆಕೆಯ ಮಾತು ಕೇಳಿ ಮನೆಗೆ ಹೋದರು ಕೂಡ.

ಕೆಲವು ವಾರ ಉಸಿರು ಬಿಗಿಹಿಡಿದ ಮೇಲೆ ಒಳ್ಳೆಯ ಸುದ್ದಿ ಬಂತು. ಬೇರೆ ಒಂದು ದೊಡ್ಡ ಬ್ಯಾಂಕು ದಂಡು ಬ್ಯಾಂಕಿನ ಶಾಖೆಗಳನ್ನೂ ಡಿಪಾಜಿಟ್ಟುಗಳನ್ನೂ ತಾನು ವಹಿಸಿಕೊಂಡಿತು. ಹಲಸೂರಿನ ಶಾಖೆಗೆ ಹೊಸ ಬೋರ್ಡು ಬಂತು. ದುಡ್ಡಿಟ್ಟವರೆಲ್ಲರ ದುಡ್ಡು ಇದ್ದಲ್ಲೇ ಇತ್ತು. ಜಟ್ಟೆಪ್ಪ ಅವತ್ತು ಎಲ್ಲರಿಗೂ ಪುಕ್ಕಟೆ ಟೀ ಕೊಟ್ಟ. ಇಮಾಮ್ ಬೀ ಸೆರಗು ಸರಿಮಾಡಿಕೊಳ್ಳುತ್ತಾ ಮುಂದಿನ ಮನೆಗೆ ಓಡಿ ಬಂದಳು. "ಅಕ್ಕಾ, ನಮ್ದೂ ಬಂತಲ್ವಾ?"

"ಬಾ, ಕೇಳ್ಕೊಂಡು ಬರೋಣ," ಅಂದಳು ಮುನಿಗಂಗಮ್ಮ.

ಅಂಜನಮೂರ್ತಿ ಅದೇ ಕುರ್ಚಿಯಲ್ಲಿದ್ದ. ಇಬ್ಬರನ್ನೂ ಕೂರಿಸಿ, ತಾನೇ ಎದ್ದು ಹೋಗಿ ಫಿಲ್ಟರಿನಿಂದ ನೀರು ತಂದುಕೊಟ್ಟ.

"ಅಮ್ಮಾ, ಒಂದು ಬ್ಯಾಂಕ್ ಮುಳುಗಿದ್ರೆ ಇರೋದನ್ನ ಹಂಚೋಕೆ ಒಂದು ಸಾಲಿರುತ್ತೆ. ಡಿಪಾಜಿಟ್ ಇಟ್ಟೋರು ಮುಂದೆ. ಅವರಿಗೆ ವಿಮೇನೂ ಇದೆ. ಅವರಾದ್ಮೇಲೆ ಬ್ಯಾಂಕಿಗೆ ಸಾಲ ಕೊಟ್ಟೋರು. ಒಡೆಯರು ಎಲ್ಲರಿಗಿಂತ ಕೊನೇಲಿ. ಅವರ ಪಾಳಿ ಬರೋಷ್ಟರಲ್ಲಿ ಏನೂ ಉಳಿಯಲ್ಲ. ನಿಮ್ಮ ಕಂಪನಿ ಹತ್ರ ಇದ್ದಿದ್ದು ಈ ಬ್ಯಾಂಕ್ ಒಂದೇ. ಬ್ಯಾಂಕು ಬೇರೆಯವರಿಗೆ ಹೋಯ್ತು. ಕಂಪನಿ ಕೈ ಖಾಲಿ."

"ಷೇರಿಗೆ ವಿಮೆ?" ಇಮಾಮ್ ಬೀ ಕೇಳಿದಳು.

"ಇಲ್ಲಮ್ಮ. ಯಾವತ್ತೂ ಇರ್ಲಿಲ್ಲ."

ಮುನಿಗಂಗಮ್ಮ ನೀರಿನ ಲೋಟ ಹಿಡಿದುಕೊಂಡೇ ಕೂತಿದ್ದಳು. ಅಂಜನಮೂರ್ತಿ ಆವತ್ತು ಪೆನ್ನು ಕೆಳಗಿಟ್ಟದ್ದನ್ನು ನೆನಪಿಸಲಿಲ್ಲ. ನಾನು ಹೇಳಿದ್ದೆ ಅನ್ನಲಿಲ್ಲ. ಅವನು ಅಂದಿದ್ದರೆ ಆಕೆ ತಿರುಗಿ ಏನಾದರೂ ಅನ್ನಬಹುದಿತ್ತು.

ವಾಪಸು ಬರುವ ದಾರಿಯಲ್ಲಿ ಇಮಾಮ್ ಬೀ ಅಳಲಿಲ್ಲ, ಬೈಯಲಿಲ್ಲ. ಗೇಟಿನ ಹತ್ತಿರ ಬಂದಾಗ ನಿಂತಳು.

"ಅಕ್ಕಾ, ಆವತ್ತು ನಲ್ಲಿ ಹತ್ರ ನಾನು ಕೇಳಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ಕಣೆ."

"ಗೊತ್ತಿಲ್ಲ ಅಂತ ಒಂದ್ ಮಾತು ಅಂದಿದ್ರೆ ಸಾಕಿತ್ತಲ್ಲಕ್ಕ."

ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿಂದಿನ ಮನೆಯಿಂದ ಹಿಟ್ಟು ನಾದುವ ಸದ್ದು ಬಂತು. ಸಂಜೆಯ ಪಟ್ಟಿ ಅಂಗಡಿಗೆ ಹೋಗಬೇಕಿತ್ತು.

ಅವತ್ತಿನಿಂದ ಮುನಿಗಂಗಮ್ಮ ಬೀದಿಗೆ ಇಳಿಯುವುದು ಕಡಿಮೆಯಾಯಿತು. ತರಕಾರಿಗೆ ಹೋಗಬೇಕಾದರೂ ಬ್ಯಾಂಕಿನ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುವಳು. ಜಟ್ಟೆಪ್ಪ ವಾಡಿಕೆಯಂತೆ ಒಂದು ಸಲ "ಓನರಮ್ಮಾರ" ಎಂದು ಶುರು ಮಾಡಿ, ಆಕೆಯ ಮುಖ ಕಂಡು ಮಾತು ನುಂಗಿ, "ಚಾ ಕುಡೀತೀರೇನ್ರಿ ಅವ್ವಾರ?" ಎಂದು ಕೇಳಿದ. ಅವನು ಮೊದಲಿನ ಹಾಗೆ ಕಿಚಾಯಿಸಿದ್ದರೇ ಚೆನ್ನಾಗಿತ್ತು ಅನ್ನಿಸಿತು ಆಕೆಗೆ. ತನ್ನ ಷೇರೂ ಮುಳುಗಿದೆ ಎಂಬುದು ಆಕೆಗೆ ನೆನಪಿಗೇ ಬರುತ್ತಿರಲಿಲ್ಲ. ನೆನಪಿಗೆ ಬರುತ್ತಿದ್ದುದು ಬಿಂದಿಗೆ ಹಿಡಿದು ಕಾಯುತ್ತಿದ್ದ ಆ ಮುಖ. ನಲ್ಲಿಯ ಸದ್ದು ಕೇಳಿದರೆ ಒಳಗೇ ಕೂತು, ಇಮಾಮ್ ಬೀ ತುಂಬಿಸಿಕೊಂಡು ಹೋದ ಮೇಲೆ ಹೊರಗೆ ಬರುವಳು.

ತಿಂಗಳ ಬಾಡಿಗೆ ಬೇಡವೆಂದು ಹೇಳಿ ಕಳಿಸಿದಳು. ಇಮಾಮ್ ಬೀ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದಳು. ವಾಪಸು ಕೊಟ್ಟರೆ ಮತ್ತೆ ಇಟ್ಟಳು. "ನಾನು ಬಾಡಿಗೆ ಕೊಟ್ಟೇ ಇರೋಳು ಅಕ್ಕಾ. ಅದನ್ನೂ ಕಿತ್ಕೋಬೇಡಿ," ಅಂದಳು ಕಿಟಕಿಯ ಆಚೆಯಿಂದ.

ಹೊರಮಾವಿನಲ್ಲಿರುವ ಮಗಳು ಹಂಸ ವಿಷಯ ಕೇಳಿ ಓಡಿ ಬಂದಳು. "ನೀನೂ ಕಳ್ಕೊಂಡಿದ್ದೀಯಲ್ಲಮ್ಮ. ನೀನೇನು ಬೇಕು ಅಂತ ಮಾಡಿದ್ಯಾ?"

"ನಂದು ನಾನು ಕಳ್ಕೊಂಡೆ, ಬಿಡು. ಅವಳದ್ದು ನಾನು ಕಳೆದೆ. ಎರಡೂ ಒಂದಾಗುತ್ತಾ?"

"ಈಗ ಏನ್ ಮಾಡ್ತೀಯ?"

"ಮುಂದಿನ ಮನೆ ಭೋಗ್ಯಕ್ಕೆ ಕೊಡ್ತೀನಿ."

ಭೋಗ್ಯವೆಂದರೆ ಬೆಂಗಳೂರಿನವರಿಗೆ ಗೊತ್ತಲ್ಲ, ಬಂದವರು ಒಂದು ದೊಡ್ಡ ಗಂಟು ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುತ್ತಾರೆ, ಅವಧಿ ಮುಗಿದಾಗ ಆ ಗಂಟನ್ನು ಪೂರ್ತಿ ಹಿಂದಿರುಗಿಸಬೇಕು. ಹಂಸಳಿಗೆ ತಾಯಿಯ ಲೆಕ್ಕ ತಿಳಿಯಿತು.

"ಆ ದುಡ್ಡು ಇಮಾಮ್ ಬೀಗೆ ಕೊಟ್ರೆ, ಅವಧಿ ಮುಗಿದಾಗ ಅವರಿಗೆ ಎಲ್ಲಿಂದ ಕೊಡ್ತೀಯ?"

"ಆವಾಗ ಮನೆ ಮಾರು."

ಹಂಸ ತಾಯಿಯನ್ನೇ ನೋಡಿದಳು. ಆ ಬಾಯಿಂದ ಆ ಮಾತು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಬಾಣಸವಾಡಿಯ ಕಡೆಯಿಂದ ಒಂದು ಸಂಸಾರ ಬಂದು ಮನೆ ಒಪ್ಪಿಕೊಂಡಿತು. ಹಣ ಮುನಿಗಂಗಮ್ಮನ ಖಾತೆಗೆ ಬಂದ ದಿನವೇ ಇಮಾಮ್ ಬೀಯ ಖಾತೆಗೆ ಹೋಯಿತು. ಇಮಾಮ್ ಬೀ ಬಂದು ಹೊಸಲಿನ ಹೊರಗೇ ನಿಂತಳು. "ಇದು ನನಗ್ ಬೇಡ ಅಕ್ಕಾ. ನೀವೇನು ನನ್ ದುಡ್ಡು ತಿಂದಿದ್ದೀರಾ?"

"ತಿಂದಿಲ್ಲ. ಆವತ್ತು ನಿಂಗೊಂದು ಉತ್ತರ ಕೊಟ್ನಲ್ಲ, ಅದನ್ನ ವಾಪಸ್ ತಗೋತಿದ್ದೀನಿ ಅಂದ್ಕೋ. ಬೇಡ ಅನ್ಬೇಡ ಕಣೆ. ಬೇಡ ಅಂದ್ರೆ ನಾನು ನಿನ್ ಮುಖ ನೋಡ್ದಂಗೇ ಸಾಯ್ತೀನಿ."

ಇಮಾಮ್ ಬೀ ಬಾಗಿಲ ಚೌಕಟ್ಟಿಗೆ ಒರಗಿದಳು. ಕೊನೆಗೆ, "ನನ್ ಗಂಟು ಎಷ್ಟಿತ್ತೋ ಅಷ್ಟೇ. ಅದರ ಮೇಲೆ ಒಂದ್ ಕಾಸೂ ಬೇಡ," ಅಂದಳು.

ಮುನಿಗಂಗಮ್ಮನ ಸಾಮಾನೆಲ್ಲ ಹಿಂದಿನ ದಿನವೇ ಹೊರಮಾವಿನ ಮಗಳ ಮನೆಗೆ ಹೋಗಿತ್ತು. ಹೊರಡುವ ಬೆಳಗ್ಗೆ ಮುನಿಗಂಗಮ್ಮ ಜಟ್ಟೆಪ್ಪ ಅಂಗಡಿ ತೆಗೆಯುವ ಮುಂಚೆಯೇ ಎದ್ದಳು. ಯಾರ ಕಣ್ಣಿಗೂ ಬೀಳದೆ ಹೋಗಬೇಕೆಂದಿತ್ತು. ಖಾಲಿ ಮನೆ ಗುಡಿಸಿ, ಹೊಸಬರಿಗೆಂದು ಬೀಗದಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇಮಾಮ್ ಬೀ ಬಾಡಿಗೆ ಇಡುತ್ತಿದ್ದ ಜಾಗ ಅದು. ಹೊರಗೆ ಬಂದರೆ ನಲ್ಲಿಯ ಹತ್ತಿರ ಇಮಾಮ್ ಬೀ ಬಿಂದಿಗೆ ಇಟ್ಟುಕೊಂಡು ಕೂತಿದ್ದಳು. ನೀರು ಇನ್ನೂ ಬಂದಿರಲಿಲ್ಲ.

ಮುನಿಗಂಗಮ್ಮ ತಲೆ ತಗ್ಗಿಸಿ ದಾಟಿ ಹೋಗಬೇಕೆಂದು ಹೆಜ್ಜೆ ಇಟ್ಟಳು.

"ಅಕ್ಕಾ," ಅಂದಳು ಇಮಾಮ್ ಬೀ. "ಕೆ.ಆರ್. ಪುರದ ಕಡೆ ಮನೆ ಸಿಗೋವರೆಗೂ ಈ ದುಡ್ಡು ಎಲ್ಲಿಡ್ಲಿ?"

ಬೇಕೆಂದು ಕೇಳಿದಳೋ, ಅಭ್ಯಾಸಬಲದಿಂದ ಕೇಳಿದಳೋ, ಅದು ಇಮಾಮ್ ಬೀಗೇ ಗೊತ್ತು. ಮುನಿಗಂಗಮ್ಮನ ನಾಲಿಗೆಯ ತುದಿಗೆ ಉತ್ತರಗಳು ಬಂದು ನಿಂತವು. ಜೀವಮಾನವೆಲ್ಲ ಹಾಗೇ ಬಂದು ನಿಂತಿದ್ದವು. ಆಕೆ ಒಂದೊಂದನ್ನೂ ನುಂಗಿದಳು.

"ನಂಗ್ ಗೊತ್ತಿಲ್ಲ ಕಣೆ, ಬೀ," ಅಂದಳು. "ಅಂಜನಮೂರ್ತೀನ ಕೇಳು. ಅವನು ಹೇಳೋವಾಗ ನಡುವೆ ಬಾಯಿ ಹಾಕೋಕೆ ನಾನಿರಲ್ಲ."

ಇಮಾಮ್ ಬೀ ನಗಲಿಲ್ಲ. "ಹೂಂ, ಕೇಳ್ತೀನಿ," ಎಂದು ತಲೆಯಾಡಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಆಮೇಲೆ ಮುನಿಗಂಗಮ್ಮ ಆ ಮನೆಗೆ ಬರಲೇ ಇಲ್ಲ. ಅವತ್ತು ಆಕೆ ಚೀಲ ಹೆಗಲಿಗೇರಿಸಿ, ತಲೆಯ ಮೇಲೆ ಸೆರಗೆಳೆದುಕೊಂಡು, ಗೇಟಿನ ಚಿಲಕವನ್ನು ಸದ್ದಾಗದಂತೆ ಹೊರಗಿನಿಂದ ಹಾಕಿದಳು. ಒಳಗೆ ನಲ್ಲಿ ಗೊರಗುಟ್ಟಿ, ಬಿಂದಿಗೆಗೆ ನೀರು ಬೀಳಲು ಶುರುವಾಯಿತು.